ಚಿಂದಿತ್ ಬ್ರಿಗೇಡಿನ ತರಬೇತಿ ವ್ಯರ್ಥವಾಯಿತೇ?

ಮಾನ್ಯರೇ,

ತಮ್ಮ ಪತ್ರ ತಲುಪಿತು. ‘ಬ್ರಿಟಿಷ್ ಸೇನಾಧಿಕಾರಿ ವಿಂಗೇಟ್ ಚಿಂದಿತ್ ಎಂದು ಹೆಸರಾದ ತನ್ನ 77ನೇ ಭಾರತೀಯ ಪದಾತಿ ಬ್ರಿಗೇಡನ್ನು ಕಾಡಿನಲ್ಲಿ ತಿಂಗಳುಗಟ್ಟಲೆ ಪಳಗಿಸಿದರೂ 1943ರಲ್ಲಿ ಜಪಾನಿಯರ ವಶದಲ್ಲಿದ್ದ ಬರ್ಮಾಕ್ಕೆ ಹೋದವರಲ್ಲಿ ಕಾಲು ಭಾಗಕ್ಕೂ ಹೆಚ್ಚು ಜನ ಮರಳಲಿಲ್ಲ; ಹಾಗಾದರೆ ತರಬೇತಿಯೇ ದಂಡವಲ್ಲವೇ?’ ಎಂದು ಕೇಳಿದ್ದೀರಿ. ದಂಡವಲ್ಲ. ತರಬೇತಿ ಕಲಿಸಿದ್ದು ಒಳನುಗ್ಗುವುದನ್ನು. ಜನ ಹೆಚ್ಚಾಗಿ ಸತ್ತದ್ದು, ಸೆರೆಯಾದದ್ದು ಹೊರಬರುವಾಗ.

1942ರ ಮಳೆಗಾಲದಲ್ಲಿ ಈಗಿನ ಮಧ್ಯಪ್ರದೇಶದ ಸಾಗರ್ ಸೀಮೆಯಲ್ಲಿ (ನಮ್ಮ ಮಲೆನಾಡಿನ ಸಾಗರವಲ್ಲ) ಅಭ್ಯಾಸ ನಡೆಯಿತು. ಲಿವರ್‌ಪೂಲ್‌ನ ಕಿಂಗ್ಸ್ ರೆಜಿಮೆಂಟಿನ 13ನೇ ಬೆಟಾಲಿಯನ್ನಿನವರ ಸರಾಸರಿ ವಯಸ್ಸು 33ರ ಆಸುಪಾಸು. ಅನೇಕರು ತಾಳಲಾರದೆ ಹೊರಬಿದ್ದರು. ಜೊತೆಗೆ ಗೂರ್ಖಾಗಳು, ಬರ್ಮಾ ರೈಫಲ್ಸ್‌ನವರು, ಸ್ಫೋಟಕ ಬಲ್ಲ 142ನೇ ಕಮಾಂಡೊ ಕಂಪನಿ. ಬೆನ್ನ ಮೇಲೆ 70 ಪೌಂಡಿನಷ್ಟು ಹೊರೆ. ಈ ಅಭ್ಯಾಸ ಫಲ ಕೊಟ್ಟಿತು: 1943ರ ಫೆಬ್ರವರಿ ಮಧ್ಯದಲ್ಲಿ ಬರ್ಮಾದ ಚಿಂದ್ವಿನ್ ನದಿ ದಾಟಿದರು. ಮಾರ್ಚ್ 6ರಂದು ಅಧಿಕಾರಿ ಕ್ಯಾಲ್ವರ್ಟ್‌ನ 3ನೇ ಕಾಲಂ (ಬ್ರಿಗೇಡಿನ ಒಂದು ತುಕಡಿ) ನಾನ್‌ಕಾನ್ ಬಳಿ ರೈಲುಹಳಿಯನ್ನು ಹತ್ತಾರು ಕಡೆ ಸಿಡಿಸಿತು. ಇನ್ನೊಬ್ಬ ಅಧಿಕಾರಿ ಫರ್ಗುಸನ್‌ನ 5ನೇ ಕಾಲಂ ಬಾನ್‌ಚಾಂಗ್ ಸೇತುವೆ ಉರುಳಿಸಿತು.

ಎಡವಟ್ಟಾದದ್ದು ಬರ್ಮಾದ ದೊಡ್ಡ ನದಿ ಐರಾವತಿಯ ಪೂರ್ವದಂಡೆಯಲ್ಲಿ. ಸಾಗರ್‌ನ ಹೊಳೆಗಳೇ ಬೇರೆ, ಐರಾವತಿಯ ಹರಹೇ ಬೇರೆ. ಅಗಲದ ನೀರಿಗೆ ಇಳಿಸಿದ ಹೇಸರಗತ್ತೆ ಆಚೆ ದಡ ಕಾಣದೆ ಹೊರಟ ದಡಕ್ಕೇ ತಿರುಗಿ ಈಜುತ್ತದೆ. ಭಾರವಾದ ವೈರ್‌ಲೆಸ್ ಸೆಟ್ಟು, ಬ್ಯಾಟರಿ, ಅದನ್ನು ಚಾರ್ಜ್ ಮಾಡುವ ಎಂಜಿನ್ ಎಲ್ಲವೂ ಹೇಸರಗತ್ತೆಯ ಬೆನ್ನಿನ ಮೇಲಿದ್ದವು. ಪ್ರಾಣಿ ಹೋದರೆ ಸೆಟ್ಟು ಹೋಯಿತು. ಸೆಟ್ಟು ಹೋದರೆ ಆಹಾರ ಇಳಿಸುವ ವಿಮಾನಕ್ಕೆ ಜಾಗ ತಿಳಿಸುವವರಿಲ್ಲ, ಊಟವೂ ಇಲ್ಲ. ಇಡೀ ಕಾರ್ಯಾಚರಣೆ ನೇತಾಡುತ್ತಿದ್ದದ್ದು ಈ ಒಂದು ಎಳೆಯ ಮೇಲೆ.

ಊಟವಾದರೂ ಎಂಥದ್ದು? ದಿನಕ್ಕೆ 12 ಬಿಸ್ಕತ್ತು, 2 ಔನ್ಸ್ ಚೀಸ್, 9 ಔನ್ಸ್ ಬಾದಾಮಿ-ಒಣದ್ರಾಕ್ಷಿ, 4 ಔನ್ಸ್ ಸಕ್ಕರೆ, ಒಂದಿಷ್ಟು ಹಾಲಿನ ಪುಡಿ, ಚಹಾ. ನಾಲ್ಕಾರು ದಿನದ ಕೆಲಸಕ್ಕೆ ಇಳಿಯುವ ಪ್ಯಾರಾಚೂಟ್ ಸೈನಿಕನಿಗೆಂದು ಹೊಂದಿಸಿದ ಪಡಿ ಇದು. ತಿಂಗಳುಗಟ್ಟಲೆ ಹೊರೆ ಹೊತ್ತು ನಡೆಯುವವನಿಗೆ ಅದು ಸಾಲದು. ಅದೂ ದಿನಾ ಸಿಗಲಿಲ್ಲ.

ಮಾರ್ಚ್ 24ರಂದು ಹಿಂದಿರುಗುವ ಆಜ್ಞೆ ಬಂತು. 28ರಂದು ಹಿಂತಾ ಹಳ್ಳಿಯ ಕಾದಾಟದಲ್ಲಿ 5ನೇ ಕಾಲಂ ವೈರ್‌ಲೆಸ್ ಕಳೆದುಕೊಂಡಿತು. ಕೆಲವೇ ದಿನಗಳಲ್ಲಿ ಶ್ವೇಲಿ ನದಿಯ ಬಳಿ ರಾತ್ರಿ ದೋಣಿಯವರು ಅವರನ್ನು ಇಳಿಸಿದ್ದು ಆಚೆ ದಡದಲ್ಲಲ್ಲ, ನಡುಹೊಳೆಯ ಮರಳುದಿಬ್ಬದ ಮೇಲೆ. ಉಳಿದ ಹಾದಿಯಲ್ಲಿ ಎದೆಮಟ್ಟದ ನೀರು, ಬಿರುಸಾದ ಸೆಳವು. ಹಸಿದು ಸೊರಗಿದ 46 ಮಂದಿ ನೀರಿಗಿಳಿಯಲಾರದೆ ಅಲ್ಲೇ ಉಳಿದರು. ಅವರಿಗೆ ಧೈರ್ಯ ಸಾಲದಾಯಿತು ಎಂದು ಬರೆಯುವವರು ಆ ಪಡಿಯ ಲೆಕ್ಕವನ್ನು ಮೊದಲು ನೋಡಬೇಕು.

ನಡೆಯಲಾರದ ಗಾಯಾಳುಗಳನ್ನು ಹಳ್ಳಿಗಳಲ್ಲಿ ಬಿಟ್ಟುಹೋಗುವುದೇ ಆಗಿನ ನಿಯಮ. ಏಪ್ರಿಲ್ 28ರಂದು ಒಂದು ಡಕೋಟ ಸಾಗಣೆ ವಿಮಾನ ಕಾಡಿನ ಬಯಲಿನಲ್ಲಿಳಿದು 8ನೇ ಕಾಲಂನ 17 ಮಂದಿಯನ್ನು ಹೊತ್ತು ತಂದದ್ದು ಅಪವಾದ. ಹೋದವರು ಸುಮಾರು 3,000, ಮರಳಿದವರು 2,182. ಅವರಲ್ಲೂ ಸುಮಾರು 600 ಜನ ಮತ್ತೆ ಯುದ್ಧಕ್ಕೆ ಯೋಗ್ಯರಾಗಲಿಲ್ಲ.

ಈ ಪಾಠ ಮುಂದಿನ ವರ್ಷ ಕೆಲಸಕ್ಕೆ ಬಂತು. 1944ರಲ್ಲಿ ಇದೇ ಬ್ರಿಗೇಡನ್ನು ಗ್ಲೈಡರು (ಎಂಜಿನ್ನಿಲ್ಲದ ವಿಮಾನ), ಡಕೋಟಗಳಲ್ಲಿ ಬರ್ಮಾದ ‘ಬ್ರಾಡ್‌ವೇ’ ಎಂಬ ಬಯಲಿಗೆ ಇಳಿಸಿದರು. ಗಾಯಾಳುಗಳನ್ನು ಲಘು ವಿಮಾನಗಳು ಸಾಗಿಸಿದವು. ಆ ವರ್ಷ ನಡೆದೇ ಹೋದ 16ನೇ ಬ್ರಿಗೇಡಿಗೆ ಚಿಂದ್ವಿನ್ ದಾಟಲು ದೋಣಿ, ಮೋಟಾರುಗಳನ್ನು ಗ್ಲೈಡರಿನಲ್ಲಿ ತಂದು ಮರಳದಂಡೆಯ ಮೇಲೆ ಇಳಿಸಿದರು.

— ಸಂಪಾದಕ