ಬೆಳಗಿನ ವಾಕಿಂಗ್ ಮೂಳೆಗೆ ಸಾಕಾ?

ಓದುಗರ ಪತ್ರ: ನನಗೀಗ 48 ವರ್ಷ. ದಿನಕ್ಕೆ 9 ಗಂಟೆ ಕಂಪ್ಯೂಟರ್ ಮುಂದೆ ಕೂತೇ ಕೆಲಸ. ಬೆಳಿಗ್ಗೆ ಅರ್ಧ ಗಂಟೆ ವಾಕಿಂಗ್ ತಪ್ಪಿಸುವುದಿಲ್ಲ. ಈಚೆಗೆ ಅಮ್ಮ ಬಾತ್‌ರೂಮಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಗಿನಿಂದ ನನಗೂ ಭಯ. ನನ್ನ ವಾಕಿಂಗ್ ಸಾಕೇ? ಈ ವಯಸ್ಸಿನಲ್ಲಿ ಮೂಳೆ ಗಟ್ಟಿ ಮಾಡಿಕೊಳ್ಳಲು ಆಗುತ್ತದೆಯೇ?

ಸಂಪಾದಕರ ಉತ್ತರ: ನಿಮ್ಮ ತಾಯಿಯವರು ಬೇಗ ಎದ್ದು ಓಡಾಡುವಂತಾಗಲಿ. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ವಾಕಿಂಗ್ ಬಿಡಬೇಡಿ. ಹೃದಯಕ್ಕೆ, ಸಕ್ಕರೆ ಹತೋಟಿಗೆ ಅದು ತುಂಬಾ ಒಳ್ಳೆಯದು. ಆದರೆ ಮೂಳೆಯ ಮಟ್ಟಿಗೆ ಅದೊಂದೇ ಸಾಲದು. ಮೂಳೆಗೆ ಬೇಕಿರುವುದು ಭಾರ. ಅದೂ ದಿನನಿತ್ಯದ್ದಕ್ಕಿಂತ ಸ್ವಲ್ಪ ಜಾಸ್ತಿ ಭಾರ.

ಮೂಳೆ ಒಮ್ಮೆ ಬೆಳೆದು ಹಾಗೇ ಉಳಿಯುವ ವಸ್ತು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಕೆಲವು ಜೀವಕೋಶಗಳು ಹಳೆಯ ಮೂಳೆಯನ್ನು ಕರಗಿಸುತ್ತವೆ. ಅವುಗಳ ಬೆನ್ನಿಗೇ ಬೇರೆ ಕೋಶಗಳು ಬಂದು ಹೊಸದನ್ನು ಕಟ್ಟುತ್ತವೆ. ದೊಡ್ಡವರಲ್ಲಿ ವರ್ಷಕ್ಕೆ ಸುಮಾರು ಶೇ. 10ರಷ್ಟು ಮೂಳೆ ಹೀಗೆ ಹೊಸದಾಗುತ್ತದೆ. ಎಲ್ಲಿ ಕಟ್ಟಬೇಕು, ಎಲ್ಲಿ ಬೇಡ ಎಂಬ ಸೂಚನೆ ಕೊಡುವುದು ಮೂಳೆಯೊಳಗೇ ಹುದುಗಿರುವ ಆಸ್ಟಿಯೋಸೈಟ್ ಎಂಬ ಕೋಶಗಳು. ನೀವು ಮೆಟ್ಟಿಲ ಮೇಲೆ ಕಾಲಿಟ್ಟಾಗ ತೊಡೆಯ ಮೂಳೆ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಅದರೊಳಗಿನ ಕೂದಲಿಗಿಂತ ಸಣ್ಣ ನಾಳಗಳಲ್ಲಿ ದ್ರವ ಸರಿದಾಡುತ್ತದೆ. ಅದು ಈ ಕೋಶಗಳಿಗೆ ಗೊತ್ತಾಗುತ್ತದೆ. ಆಗ ಅವು ಸ್ಕ್ಲೆರೋಸ್ಟಿನ್ ಎಂಬ ಪ್ರೋಟೀನನ್ನು ಕಡಿಮೆ ಮಾಡುತ್ತವೆ. ಮೂಳೆ ಕಟ್ಟುವ ಕೆಲಸಕ್ಕೆ ಅಡ್ಡಗಾಲು ಹಾಕುವುದೇ ಈ ಪ್ರೋಟೀನು. ಭಾರವೇ ಬೀಳದಿದ್ದರೆ ಅದು ಹೆಚ್ಚುತ್ತದೆ, ಕಟ್ಟುವುದು ನಿಧಾನವಾಗುತ್ತದೆ.

ಟೆನಿಸ್ ಆಟಗಾರರನ್ನು ನೋಡಿ. ರಾಕೆಟ್ ಹಿಡಿಯುವ ಕೈಯ ಮೂಳೆ ಇನ್ನೊಂದು ಕೈಯದಕ್ಕಿಂತ ದಪ್ಪ. ಎರಡೂ ಕೈಗೆ ಅದೇ ಊಟ, ಅದೇ ರಕ್ತ, ಅದೇ ಹಾರ್ಮೋನು. ವ್ಯತ್ಯಾಸ ಇರುವುದು ಭಾರದಲ್ಲಿ ಮಾತ್ರ. ಉಲ್ಟಾ ಉದಾಹರಣೆ ಬೇಕೆಂದರೆ ಬಾಹ್ಯಾಕಾಶಕ್ಕೆ ಹೋಗಿಬಂದವರು. ಅಲ್ಲಿ ತಿಂಗಳಿಗೆ ಶೇ. 1ರಿಂದ 1.5ರಷ್ಟು ಸೊಂಟದ ಮೂಳೆ ಸಾಂದ್ರತೆ ಕರಗಿದ್ದುಂಟು. ಕುರ್ಚಿ ಅಷ್ಟು ಕೆಟ್ಟದ್ದಲ್ಲ, ನಿಜ. ಆದರೆ 9 ಗಂಟೆ ಕೂತಾಗ ತೊಡೆಯ ಮೂಳೆಗೆ ಕೆಲಸವೇ ಇರುವುದಿಲ್ಲ ಅಲ್ವಾ?

ಹಾಗಾದರೆ ಎರಡು ಗಂಟೆ ನಡೆಯಲೇ ಎಂದು ನೀವು ಕೇಳಬಹುದು. ಮೂಳೆಗೋಸ್ಕರವೇ ಆದರೆ ಬೇಡ. ಒಂದೇ ಥರದ ಹೆಜ್ಜೆ ಮೂಳೆಗೆ ಅಭ್ಯಾಸವಾಗಿಬಿಟ್ಟಿರುತ್ತದೆ. 1984ರಲ್ಲಿ ರೂಬಿನ್ ಮತ್ತು ಲ್ಯಾನ್ಯನ್ ಎಂಬ ಸಂಶೋಧಕರು ಹಕ್ಕಿಗಳ ರೆಕ್ಕೆಯ ಮೂಳೆಗೆ ದಿನಕ್ಕೆ 36 ಸಲ ಭಾರ ಹಾಕಿ ನೋಡಿದರು. ಮೂಳೆ ಬೆಳೆಯಿತು. 1800 ಸಲ ಹಾಕಿದಾಗಲೂ ಬೆಳೆದದ್ದು ಅಷ್ಟೇ. ಸಣ್ಣ ಹೊತ್ತಿನ, ಜೋರಾದ, ಬೇರೆ ಬೇರೆ ದಿಕ್ಕಿನ ಭಾರವೇ ಮೂಳೆಗೆ ಇಷ್ಟ. ಈಜು, ಸೈಕಲ್ ಆರೋಗ್ಯಕ್ಕೆ ಎಷ್ಟೇ ಒಳ್ಳೆಯದಾದರೂ ಮೂಳೆಗೆ ಅವುಗಳಿಂದ ಸಿಗುವುದು ಕಡಿಮೆ, ಯಾಕೆಂದರೆ ಮೈಯ ಭಾರವನ್ನು ನೀರು ಅಥವಾ ಸೀಟು ಹೊತ್ತುಕೊಂಡಿರುತ್ತದೆ.

ನಿಮ್ಮ ಎರಡನೇ ಪ್ರಶ್ನೆಗೆ ನನ್ನ ಉತ್ತರ, ಆಗುತ್ತದೆ. ಮೂಳೆಯ ಗರಿಷ್ಠ ಸಂಗ್ರಹ 30ರ ಆಸುಪಾಸಿಗೆ ಮುಗಿಯುತ್ತದೆ, ಮುಟ್ಟು ನಿಲ್ಲುವ ಹೊತ್ತಿಗೆ ಸವೆತ ಜೋರಾಗುತ್ತದೆ, ಅದೆಲ್ಲ ಸರಿ. ಆದರೆ ಆಸ್ಟ್ರೇಲಿಯಾದ ಲಿಫ್ಟ್‌ಮೋರ್ ಅಧ್ಯಯನದಲ್ಲಿ ಮುಟ್ಟು ನಿಂತ, ಮೂಳೆ ತೆಳುವಾಗಿದ್ದ ಮಹಿಳೆಯರು ವಾರಕ್ಕೆ ಎರಡು ದಿನ, ಅರ್ಧ ಗಂಟೆಯಂತೆ 8 ತಿಂಗಳು ಭಾರ ಎತ್ತಿದರು. ತರಬೇತುದಾರರು ಪಕ್ಕದಲ್ಲೇ ಇದ್ದರು. ಇವರ ಬೆನ್ನುಮೂಳೆಯ ಸಾಂದ್ರತೆ ಸರಾಸರಿ ಶೇ. 2.9ರಷ್ಟು ಹೆಚ್ಚಿತು. ಮನೆಯಲ್ಲೇ ಹಗುರ ವ್ಯಾಯಾಮ ಮಾಡಿದವರಲ್ಲಿ ಶೇ. 1.2ರಷ್ಟು ಇಳಿಯಿತು. ಏರಿದ್ದು ಸ್ವಲ್ಪವೇ ಅನ್ನಿಸಬಹುದು. ಇಳಿಯುವ ವಯಸ್ಸಿನಲ್ಲಿ ಏರಿತಲ್ಲ, ನನಗೆ ಅದೇ ದೊಡ್ಡದು.

ನೀವು ಕುರ್ಚಿಯಿಂದಲೇ ಶುರುಮಾಡಿ. ಕೈ ಊರದೆ ಏಳಿ, ನಿಧಾನವಾಗಿ ಕೂರಿ, ಹತ್ತು ಸಲ. ಮೆಟ್ಟಿಲು ಹತ್ತಿ. ಸ್ವಲ್ಪ ಅಭ್ಯಾಸವಾದ ಮೇಲೆ ಗೊತ್ತಿರುವವರ ಹತ್ತಿರ ಭಾರ ಎತ್ತುವುದನ್ನು ಕಲಿಯಿರಿ. ಗೋಡೆಯ ಪಕ್ಕ ಒಂಟಿ ಕಾಲಿನಲ್ಲಿ ನಿಲ್ಲುವುದನ್ನೂ ರೂಢಿಸಿಕೊಳ್ಳಿ. ಸೊಂಟದ ಮೂಳೆ ಮುರಿಯುವುದು ಬಹುತೇಕ ಬಿದ್ದಾಗಲೇ. ಬೀಳದಂತೆ ತಡೆಯುವುದು ಕಾಲಿನ ಶಕ್ತಿ ಮತ್ತು ಸಮತೋಲನ. ಇದನ್ನೆಲ್ಲ ಬಿಟ್ಟರೆ ಗಳಿಸಿದ್ದು ಕರಗುತ್ತದೆ, ಹಾಗಾಗಿ ನಿಮಗೆ ಖುಷಿ ಕೊಡುವುದನ್ನೇ ಆರಿಸಿಕೊಳ್ಳಿ.

ಆದರೆ ಜೋರಾದ ವ್ಯಾಯಾಮಕ್ಕೆ ಇಳಿಯುವ ಮೊದಲು ಡಾಕ್ಟರನ್ನು ಕಾಣಿ. ತಾಯಿಗೆ ಸೊಂಟದ ಮೂಳೆ ಮುರಿದಿದ್ದರೆ ಮಕ್ಕಳಿಗೂ ಆ ಅಪಾಯ ಜಾಸ್ತಿ. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಬೇಕೇ ಎಂದು ಕೇಳಿ. ಅದರಲ್ಲಿ ಟಿ-ಸ್ಕೋರ್ (ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿ ಕೊಡುವ ಅಂಕ) ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಸವೆತದ ಕಾಯಿಲೆ ಎನ್ನುತ್ತಾರೆ. ಅಂಥವರು ಬೆನ್ನು ಬಾಗಿಸಿ ಭಾರ ಎತ್ತಬಾರದು.

ಇನ್ನು ನಿಮ್ಮ ತಾಯಿಯವರು. ನಿಂತಲ್ಲಿಂದ ಬಿದ್ದಷ್ಟಕ್ಕೇ ಸೊಂಟ ಮುರಿದಿದೆ ಎಂದರೆ ಮೂಳೆ ಮೊದಲೇ ಸವೆದಿರುವ ಸಾಧ್ಯತೆ ಹೆಚ್ಚು. ಆಪರೇಷನ್ ಆಯಿತು, ಮುಗಿಯಿತು ಎಂದು ಬಿಡಬೇಡಿ. ಮತ್ತೊಂದು ಮೂಳೆ ಮುರಿಯದಂತೆ ಔಷಧಿ ಶುರುಮಾಡಬೇಕೇ ಎಂದು ಈ ಸಲ ಹೋದಾಗಲೇ ಕೇಳಿ. ಅವರಿಗೆ ವ್ಯಾಯಾಮ ಹೇಳಿಕೊಡುವುದನ್ನು ಫಿಸಿಯೋಥೆರಪಿಸ್ಟ್‌ಗೆ ಬಿಡಿ.