ಕಾಕ್‌ಪಿಟ್ ಅಳತೆ: ಮೂರು ನಕ್ಷೆ, ಮೂರು ಲೆಕ್ಕ

ಪ್ರಶ್ನೆ: ಮನೆಯ ಕೋಣೆಯೊಂದರಲ್ಲಿ ಬೋಯಿಂಗ್ 737-800ರ ಕಾಕ್‌ಪಿಟ್ ಸಿಮ್ಯುಲೇಟರ್ ಕಟ್ಟಲು ಹೊರಟಿದ್ದೇನೆ. ಪೈಲಟ್‌ಗಳಿಬ್ಬರ ನಡುವಿನ ಪೆಡಸ್ಟಲ್‌ಗೆ (ರೇಡಿಯೊ ಮುಂತಾದ ಪ್ಯಾನೆಲ್‌ಗಳು ಕೂರುವ ಕಟ್ಟೆಗೆ) ಮೂರು ನಕ್ಷೆಗಳು ಸಿಕ್ಕಿವೆ. ಒಂದರಲ್ಲಿ ಪ್ಯಾನೆಲ್ಲಿನ ಅಗಲ 146 ಮಿ.ಮೀ., ಇನ್ನೊಂದರಲ್ಲಿ 136.5. ಮೂರನೆಯದರಲ್ಲಿ ಅಂಕಿಯೇ ಇಲ್ಲ, ಮುದ್ರಿಸಿ ಅಳೆದರೆ 141 ಬರುತ್ತದೆ. ಯಾವುದನ್ನು ನಂಬಿ ಹಲಗೆ ಕೊಯ್ಯಲಿ?

ಉತ್ತರ: ಗರಗಸ ಸ್ವಲ್ಪ ಪಕ್ಕಕ್ಕಿಡಿ. ಮೂರೂ ನಕ್ಷೆ ಹೇಳುತ್ತಿರುವುದು ಬಹುಶಃ ಒಂದೇ ಪ್ಯಾನೆಲ್ಲಿನ ವಿಷಯ. 146 ಅಂದರೆ ಅಂಚಿನಿಂದ ಅಂಚಿಗೆ, ಅಂದರೆ 5.75 ಇಂಚು. 136.5 ಅಂದರೆ ಎಡಗಡೆಯ ಸ್ಕ್ರೂ ತೂತಿನ ನಡುವಿನಿಂದ ಬಲಗಡೆಯದರ ನಡುವಿಗೆ, 5.375 ಇಂಚು. ಎರಡೂ ಸರಿ, ಅಳೆದ ಜಾಗ ಬೇರೆ ಅಷ್ಟೆ. 141ರ ಮೇಲೆ ಮಾತ್ರ ನನಗೆ ಗುಮಾನಿ. ಕಾಗದಕ್ಕೆ ಹೊಂದಿಸಿ ಮುದ್ರಿಸುವ ಆಯ್ಕೆ ಹಾಗೇ ಉಳಿದಿದ್ದರೆ ಪ್ರಿಂಟರ್ ಸದ್ದಿಲ್ಲದೆ ನೂರಕ್ಕೆ ಮೂರ್ನಾಲ್ಕು ಪಾಲು ಕುಗ್ಗಿಸಿಬಿಡುತ್ತದೆ. ಮುಂದೆ ಯಾವ ನಕ್ಷೆ ಮುದ್ರಿಸಿದರೂ ಮೂಲೆಯಲ್ಲಿ 100 ಮಿ.ಮೀ.ನ ಒಂದು ಗೆರೆ ಹಾಕಿ, ಮೊದಲು ಅದನ್ನು ಅಳೆಯಿರಿ. ಅಡ್ಡಕ್ಕೊಂದು, ಉದ್ದಕ್ಕೊಂದು.

ಇಡೀ ಪೆಡಸ್ಟಲ್ ನಿಂತಿರುವುದೇ ಈ 5.75 ಇಂಚಿನ ಮೇಲೆ. ನಿಜವಾದ ವಿಮಾನದಲ್ಲಿ ರೇಡಿಯೊ, ಟ್ರಾನ್ಸ್‌ಪಾಂಡರ್ (ರೇಡಾರಿಗೆ ವಿಮಾನದ ಗುರುತು ಹೇಳುವ ಸಾಧನ) ಮುಂತಾದ ಪ್ಯಾನೆಲ್‌ಗಳನ್ನು ಡ್ಜೂಸ್ ಸ್ಕ್ರೂಗಳು ರೈಲಿಗೆ, ಅಂದರೆ ಎರಡೂ ಬದಿಯ ತೂತುಗಳುಳ್ಳ ಪಟ್ಟಿಗೆ, ಹಿಡಿದಿಟ್ಟಿರುತ್ತವೆ. ಕಾಲು ಸುತ್ತು ತಿರುಗಿಸಿದರೆ ಪ್ಯಾನೆಲ್ ಕೈಗೆ ಬರುತ್ತದೆ. ರೈಲಿನಲ್ಲಿ ಪ್ರತಿ 3/8 ಇಂಚಿಗೆ, ಅಂದರೆ 9.525 ಮಿ.ಮೀ.ಗೆ, ಒಂದು ತೂತು. ಹಾಗಾಗಿ ಪ್ಯಾನೆಲ್ಲಿನ ಎತ್ತರವೂ 3/8 ಇಂಚಿನ ಲೆಕ್ಕದಲ್ಲೇ ಏರುತ್ತದೆ. ಇದು 737ಕ್ಕೆ ಮಾತ್ರ ಸೀಮಿತವಾದ ಅಳತೆಯಲ್ಲ, ಹಲವು ವಿಮಾನಗಳಿಗೆ ಸಾಮಾನ್ಯ. ಮುಂದೊಂದು ದಿನ ನಿವೃತ್ತ ವಿಮಾನದ ಅಸಲಿ ಪ್ಯಾನೆಲ್ ಕೈಗೆ ಸಿಕ್ಕರೆ ಅದು ನಿಮ್ಮ ರೈಲಿನ ಮೇಲೆ ಕೂರಬೇಕಲ್ಲವೇ?

ನಾನು ಮೊದಲ ಬಾರಿ ಕಟ್ಟುವಾಗ 9.525 ಎಂಬುದು ಕಿರಿಕಿರಿ ಎನಿಸಿ 9.5 ಅಂತ ಹಿಡಿದೆ. ಮೊದಲ ಮೂರು ಪ್ಯಾನೆಲ್‌ಗಳು ಚೆನ್ನಾಗಿಯೇ ಕೂತವು. ನಲವತ್ತನೇ ತೂತಿನ ಹೊತ್ತಿಗೆ ಸುಮಾರು 1 ಮಿ.ಮೀ. ತಪ್ಪಿತ್ತು, ಕೊನೆಯ ಪ್ಯಾನೆಲ್ಲಿನ ಸ್ಕ್ರೂ ಏನು ಮಾಡಿದರೂ ಇಳಿಯಲಿಲ್ಲ. ಒಂದು ವಾರ ಡ್ರಿಲ್ಲನ್ನು ಬೈದುಕೊಂಡಿದ್ದೆ. ಆದ್ದರಿಂದ ಲೆಕ್ಕವನ್ನೆಲ್ಲ ಇಂಚಿನಲ್ಲೇ ಮಾಡಿ, 25.4ರಿಂದ ಗುಣಿಸುವುದು ಕೊನೆಗೆ ಒಂದೇ ಸಲ. ತೂತುಗಳ ಗುರುತನ್ನೂ ಹಿಂದಿನ ತೂತಿನಿಂದಲ್ಲ, ಪ್ರತಿ ಸಲವೂ ರೈಲಿನ ಒಂದೇ ತುದಿಯಿಂದ ಅಳೆದು ಹಾಕಿ.

ಅಂಕಿ ಸಿಗದ ಭಾಗಗಳಿಗೆ ಫೋಟೊ ನೆರವಾಗುತ್ತದೆ. ಚಿತ್ರದಲ್ಲಿ ಒಂದು ಪೆಡಸ್ಟಲ್ ಪ್ಯಾನೆಲ್ ಕಂಡರೆ ಅದೇ ನಿಮ್ಮ ಅಳತೆಗೋಲು. ಆದರೆ ಕ್ಯಾಮೆರಾದಿಂದ ಅಷ್ಟೇ ದೂರದಲ್ಲಿರುವ ವಸ್ತುಗಳಿಗಷ್ಟೇ ಅದು ಸಲ್ಲುತ್ತದೆ. ಅದೇ ಗೋಲು ಹಿಡಿದು ಅದರ ಹಿಂದಿರುವ ಮುಖ್ಯ ಪ್ಯಾನೆಲ್ (ಪೈಲಟ್‌ಗಳ ಎದುರಿನದು) ಅಳೆದರೆ ಅದು ಇರುವುದಕ್ಕಿಂತ ಚಿಕ್ಕದಾಗಿಯೇ ಬರುತ್ತದೆ. ದೂರ ನಿಂತು, ಜೂಮ್ ಮಾಡಿ, ನೇರ ಎದುರಿನಿಂದ ತೆಗೆದ ಚಿತ್ರವನ್ನೇ ಆರಿಸಿ. ಇನ್ನೊಂದು ಎಚ್ಚರ: 737ರ ನಕ್ಷೆ ಎಂದರೆ ಯಾವ 737 ಎಂದು ಕೇಳಿ. 1967ರಲ್ಲಿ ಮೊದಲು ಹಾರಿದ ವಿಮಾನಕ್ಕೂ 1997ರಲ್ಲಿ ಬಂದ ನಿಮ್ಮ 800ಕ್ಕೂ ಕಾಕ್‌ಪಿಟ್ಟಿನ ಹೊರಚಿಪ್ಪು ಬಹುಮಟ್ಟಿಗೆ ಒಂದೇ. ಆದರೆ ಚೌಕ ಡಿಸ್‌ಪ್ಲೇಗಳಿರುವ ಮುಖ್ಯ ಪ್ಯಾನೆಲ್ ಪೂರ್ತಿ ಬೇರೆ.

ಹೆಚ್ಚಿನವರು ಎಡವುವುದು ಎತ್ತರದಲ್ಲಿ. ಎಲ್ಲವನ್ನೂ ನೆಲದಿಂದ ಅಳೆದು ಕಟ್ಟುತ್ತಾರೆ, ಆಮೇಲೆ ಕುರ್ಚಿಯಲ್ಲಿ ಕೂತರೆ ರನ್‌ವೇ ಕಾಣುವುದಿಲ್ಲ. ವಿಮಾನ ಕಟ್ಟುವವರು ಹೊರಡುವುದು ಪೈಲಟ್ಟಿನ ಕಣ್ಣಿನಿಂದ. ಏರ್‌ಬಸ್‌ನಲ್ಲಿ ಕಿಟಕಿಗಳ ನಡುಗಂಬದ ಮೇಲೆ ಕೆಂಪು, ಬಿಳಿ ಗುಂಡುಗಳಿರುತ್ತವೆ. ಕೆಂಪು ಗುಂಡು ಬಿಳಿಯದನ್ನು ಮರೆಮಾಡುವಂತೆ ಕೂತರೆ ಕಣ್ಣು ಸರಿಯಾದ ಜಾಗದಲ್ಲಿದೆ ಎಂದರ್ಥ. 737ರಲ್ಲಿ ಗ್ಲೇರ್‌ಶೀಲ್ಡಿನ (ಮುಖ್ಯ ಪ್ಯಾನೆಲ್ಲಿನ ಮೇಲೆ ಬಿಸಿಲು ತಡೆಯುವ ಚಾಚಿನ) ಮೇಲ್ಮೈಗುಂಟ ನೋಟ ಹಾಯಬೇಕು, ಅದರಾಚೆ ವಿಮಾನದ ಮೂಗು ಚೂರೇ ಚೂರು ಕಾಣಬೇಕು. ನೀವೂ ಮೊದಲು ಕುರ್ಚಿಯಲ್ಲಿ ಕೂತು, ಗೋಡೆಯ ಮೇಲೆ ಕಣ್ಣಿನ ಮಟ್ಟಕ್ಕೆ ಟೇಪ್ ಅಂಟಿಸಿ, ಅಲ್ಲಿಂದ ಕೆಳಗೆ ಮತ್ತು ಮುಂದಕ್ಕೆ ಅಳೆಯಿರಿ. ರಟ್ಟಿನಲ್ಲಿ ಮಾದರಿ ಮಾಡಿ ಒಂದೆರಡು ದಿನ ಕೂತು ನೋಡಿ. ರಟ್ಟು ಕತ್ತರಿಸಿದರೆ ನಷ್ಟವಿಲ್ಲ.

ಪ್ರಶ್ನೆ: ಕೋಣೆ ಚಿಕ್ಕದು. ಎಲ್ಲವನ್ನೂ ಶೇ. 90ಕ್ಕೆ ಇಳಿಸಿ ಕಟ್ಟಬಹುದೇ?

ಉತ್ತರ: ಬೇಡ. 146 ಇದ್ದದ್ದು 131 ಆಗುತ್ತದೆ, ಕೊಂಡು ತಂದ ಒಂದು ಪ್ಯಾನೆಲ್ಲೂ ಕೂರುವುದಿಲ್ಲ. ನಿಮ್ಮ ಮೊಣಕಾಲಂತೂ ಶೇ. 90ಕ್ಕೆ ಇಳಿಯುವುದಿಲ್ಲ. ಕೈ ಹೋಗುವ, ಕಣ್ಣು ನೆಡುವ ಜಾಗವನ್ನು ಪೂರ್ಣ ಅಳತೆಯಲ್ಲೇ ಉಳಿಸಿ, ಕುರ್ಚಿಯ ಹಿಂದಿನ ಚಿಪ್ಪು, ಪಕ್ಕದ ಗೋಡೆ ಕೈಬಿಡಿ. ಕಟ್ಟುವ ಮುನ್ನ ಕೋಣೆಯ ಬಾಗಿಲನ್ನೂ ಒಮ್ಮೆ ಅಳೆಯಿರಿ. ಬಾಗಿಲಿಗಿಂತ ಅಗಲವಾದ ಭಾಗ ಯಾವುದೇ ಇದ್ದರೂ ಅಂಟಿನಿಂದ ಕೂಡಿಸದೆ ಬೋಲ್ಟ್ ಹಾಕಿ.