ಚೋನ್‌ಬುರಿಯಲ್ಲಿ ಮನೆ ಹಿಡಿಯೋ ಮುಂಚೆ

ಥಾಯ್ಲೆಂಡಿನ ಅಮಾಟಾ ಸಿಟಿ ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದೆ, ಪಟ್ಟಾಯದಲ್ಲಿ ಮನೆ ಮಾಡಬಹುದಾ, ಈ ಚೋನ್‌ಬುರಿ ಪ್ರಾಂತ್ಯ ಅನ್ನೋದು ನಮ್ಮ ರಾಜ್ಯದ ಥರಾನಾ ಅಂತ ಕೇಳಿದ್ದೀರಿ. ಎರಡನೇ ಪ್ರಶ್ನೆ ಮೊದಲು ತಗೋತೀನಿ, ಮನೆಯ ವಿಷಯ ಅದರ ಮೇಲೇ ನಿಂತಿದೆ.

ರಾಜ್ಯ ಅಲ್ಲ, ಜಿಲ್ಲೆ ಅಂದ್ಕೊಳ್ಳಿ. ಬ್ಯಾಂಕಾಕ್ ಬಿಟ್ಟು ಇಂಥ 76 ಪ್ರಾಂತ್ಯಗಳಿವೆ, ಯಾವುದಕ್ಕೂ ಮುಖ್ಯಮಂತ್ರಿ, ವಿಧಾನಸಭೆ ಇಲ್ಲ. ಜಿಲ್ಲಾ ಪಂಚಾಯಿತಿಯಂಥ ಚುನಾಯಿತ ಸಂಸ್ಥೆ ಒಂದಿದೆ, ಆದರೆ ಜುಟ್ಟು ಗವರ್ನರ್ ಕೈಲಿ. ಅವರು ಗೃಹ ಸಚಿವಾಲಯ ನೇಮಿಸಿದ ಅಧಿಕಾರಿ, ಹೆಚ್ಚುಕಮ್ಮಿ ನಮ್ಮ ಡಿಸಿ. ಗವರ್ನರ್‌ಗೆ ಜನ ಓಟು ಹಾಕೋದು ಬ್ಯಾಂಕಾಕಲ್ಲಿ ಮಾತ್ರ. ಕೆಳಗೆ ತಾಲೂಕಿನಂಥ ಅಂಫೋಗಳು, ಚೋನ್‌ಬುರಿಗೆ 11. ಸಿಚಾಂಗ್ ಅನ್ನೋ ಪುಟ್ಟ ದ್ವೀಪಕ್ಕೂ ಸ್ವಂತ ಅಂಫೋ ಉಂಟು!

ಸಮುದ್ರ ಪಶ್ಚಿಮಕ್ಕೆ. ಸುಖುಮ್ವಿತ್ ರಸ್ತೆ ಹಿಡಿದು ಉತ್ತರದಿಂದ ಇಳಿದರೆ ಮೊದಲು ಮುಯಾಂಗ್ ಚೋನ್‌ಬುರಿ, ಆಮೇಲೆ ಸಿ ರಾಚಾ, ಪಟ್ಟಾಯ ಇರೋ ಬಾಂಗ್ ಲಮುಂಗ್, ಕೊನೆಗೆ ನೌಕಾಪಡೆಯ ಸತ್ತಹೀಪ್. 1991ರಲ್ಲಿ ಶುರುವಾದ ಲ್ಯಾಮ್ ಚಬಾಂಗ್ ಬಂದರು ಸಿ ರಾಚಾ, ಬಾಂಗ್ ಲಮುಂಗ್ ಕಡೆಗೆ ಬರುತ್ತೆ, ಆ ರಸ್ತೆಯಲ್ಲಿ ಕಂಟೇನರ್ ಲಾರಿಗಳದೇ ರಾಜ್ಯ. ಒಳನಾಡು ಬೇರೆಯೇ ಲೋಕ: ಮರಗೆಣಸು, ಕಬ್ಬು, ರಬ್ಬರ್.

ನಿಮ್ಮ ಅಮಾಟಾ ಇರೋದು ಉತ್ತರದ ತುದಿಯಲ್ಲಿ, ಮುಯಾಂಗ್ ಮತ್ತು ಫಾನ್ ಥೋಂಗ್ ಅಂಫೋಗಳಲ್ಲಿ. ಪಟ್ಟಾಯದಿಂದ ಮೋಟರ್‌ವೇ ಹಿಡಿದರೂ ಒಂದು ಗಂಟೆ ಹೋಗುತ್ತೆ. ಶಿಫ್ಟ್ ಕೆಲಸದವರಿಗೆ ಅದು ಬೇಡ. ಮುಯಾಂಗ್ ಅಂಫೋದ ಕಡಲತೀರದ ಬಾಂಗ್ ಸೇನ್ ಅಥವಾ ಸಿ ರಾಚಾ ನೋಡಿ. ಸಿ ರಾಚಾದಲ್ಲಿ ಜಪಾನೀಯರು ಎಷ್ಟಿದ್ದಾರೆ ಅಂದರೆ ಅಂಗಡಿ ಬೋರ್ಡುಗಳಲ್ಲೂ ಅವರ ಲಿಪಿ. ಇಂಡಿಯನ್ ಊಟಕ್ಕೆ ವಾರಾಂತ್ಯದಲ್ಲಿ ಪಟ್ಟಾಯಕ್ಕೆ ಹೋಗಿಬನ್ನಿ, ಸಾಕು.

ಅಲ್ಲೇ ಇರ್ತೀನಿ ಅಂತಿದ್ರೆ ಇನ್ನೊಂದು ಮಾತು. ಪಟ್ಟಾಯ ಬಾಂಗ್ ಲಮುಂಗ್ ಅಂಫೋದೊಳಗೇ ಇದ್ದರೂ 1978ರಿಂದ ಅದಕ್ಕೆ ಪ್ರತ್ಯೇಕ ನಗರಾಡಳಿತ. ಪೂರ್ವಕ್ಕೆ ಸ್ವಲ್ಪ ಒಳಗೆ ಹೋದರೆ ನೋಂಗ್ ಪ್ರೂ ಪುರಸಭೆ. ಬ್ರೋಕರ್‌ಗಳು ಅದನ್ನೂ ಪಟ್ಟಾಯ ಅಂತಲೇ ತೋರಿಸ್ತಾರೆ. ವಿದೇಶಿಯರ ವಿಳಾಸ ದಾಖಲಿಸಿ ಕೊಡೋ ಹಳದಿ ಮನೆ-ಪುಸ್ತಕ ಮುಂದೆ ಬೇಕಾದಾಗ ಯಾವ ಕಚೇರಿ ಬಾಗಿಲು ತಟ್ಟಬೇಕು ಅನ್ನೋದು ಈ ಗಡಿಯ ಮೇಲೆ ನಿಂತಿರುತ್ತೆ. ಕರಾರಿನಲ್ಲಿ ತಂಬೊನ್ (ಅಂಫೋ ಕೆಳಗಿನ ಹೋಬಳಿಯಂಥದ್ದು), ಅಂಫೋ ಎರಡೂ ಬರೆಸಿ.

ಎಲ್ಲಿ ಹಿಡಿದರೂ ಟಿಎಂ 30 ಅನ್ನೋ ಫಾರಂ ಮರೀಬೇಡಿ. ವಿದೇಶಿ ಬಂದ 24 ಗಂಟೆಯೊಳಗೆ ಮನೆ ಮಾಲೀಕರು ಇಮಿಗ್ರೇಷನ್‌ಗೆ ತಿಳಿಸಬೇಕು. ಪ್ರಾಂತ್ಯದ ಮುಖ್ಯ ಇಮಿಗ್ರೇಷನ್ ಕಚೇರಿ ಪಟ್ಟಾಯದ ದಕ್ಷಿಣಕ್ಕಿರೋ ಜೋಮ್ಟಿಯೆನ್‌ನಲ್ಲಿದೆ. ಹಾಗೆ ತಿಳಿಸಿದ್ದಕ್ಕೆ ಸಿಗೋ ಪುಟ್ಟ ಚೀಟಿ ಪಾಸ್‌ಪೋರ್ಟ್ ಜೊತೆ ಇಲ್ಲದಿದ್ದರೆ ವೀಸಾ ವಿಸ್ತರಣೆಗೆ ಹೋದಾಗ ಕೌಂಟರ್‌ನಲ್ಲೇ ತಡೀತಾರೆ. ಅಡ್ವಾನ್ಸ್ ಕೊಡೋ ಮುಂಚೆ ಮಾಲೀಕರನ್ನ ನೇರವಾಗಿ ಕೇಳಿ. ಮಾಡಿಕೊಡಲ್ಲ ಅಂದರೆ ಬಾಡಿಗೆ ಎಷ್ಟೇ ಕಮ್ಮಿ ಇರಲಿ, ಆ ಮನೆ ಬೇಡ.